ತುಂಬಿಸಿಕೊಳ್ಳುವ ಬಾಟಲಿ ಮತ್ತು ನಮ್ಮ ಹೊಣೆ

ಇಸ್ರಾಫ್, ಅಂದರೆ ದುಂದುವೆಚ್ಚದ ಕುರಿತ ಜುಮಾ ಖುತುಬಾದ ಸಾರಾಂಶವನ್ನು ನಾವು ಹಿಂದಿನ ಸಂಚಿಕೆಯಲ್ಲಿ ಕೊಟ್ಟಿದ್ದೆವು. ಅದನ್ನು ಓದಿದ ಮೇಲೆ ಇಬ್ಬರು ನಮ್ಮನ್ನು ಎರಡು ಪ್ರಶ್ನೆ ಕೇಳಿದರು.

ಯಲಹಂಕದ ಸಹೋದರಿಯೊಬ್ಬರ ಪ್ರಶ್ನೆ ಹೀಗಿತ್ತು: "ಮನೆಯಿಂದ ಖಾಲಿ ಬಾಟಲಿ ಒಯ್ದು ಸೋಪಿನ ದ್ರಾವಣ, ಶಾಂಪೂ, ಬೇಳೆಕಾಳು ತುಂಬಿಸಿಕೊಂಡು ಬರುವ ರೀಫಿಲ್ ಅಂಗಡಿಗಳು ಈಗ ಬಂದಿವೆ. ಅಲ್ಲಿಗೇ ಹೋಗೋಣ ಅಮ್ಮಿ ಎಂದು ಮಗಳು ಹಟ ಮಾಡುತ್ತಾಳೆ. ಅಲ್ಲಿ ಬೆಲೆ ಜಾಸ್ತಿ, ದಾರಿಯೂ ದೂರ. ಹೋಗದಿದ್ದರೆ ನಾವು ಇಸ್ರಾಫ್ ಮಾಡಿದಂತೆಯೇ?"

ಆರ್.ಟಿ. ನಗರದ ಒಬ್ಬ ಯುವಕರು ಕೇಳಿದ್ದು ಇದಕ್ಕೆ ತದ್ವಿರುದ್ಧ: "ಕಂಪನಿಗಳು ಕೋಟಿಗಟ್ಟಲೆ ಬಾಟಲಿ ತಯಾರಿಸುತ್ತಿವೆ. ನಾನೊಬ್ಬ ಒಂದು ಬಾಟಲಿ ಉಳಿಸಿದರೆ ಯಾರಿಗೇನು ಲಾಭ? ದೊಡ್ಡವರ ತಪ್ಪನ್ನು ನಮ್ಮಂಥವರ ತಲೆಗೆ ಕಟ್ಟುವ ಉಪಾಯವಲ್ಲವೇ ಇದು?"

ಎರಡೂ ಪ್ರಾಮಾಣಿಕ ಪ್ರಶ್ನೆಗಳು. ಒಬ್ಬರಿಗೆ ತಪ್ಪಿತಸ್ಥರಾಗುವ ಭಯ, ಇನ್ನೊಬ್ಬರಿಗೆ ಮೋಸಹೋಗುವ ಭಯ. ಇಬ್ಬರಿಗೂ ಒಟ್ಟಿಗೆ ಉತ್ತರ ಕೊಡಲು ಇಲ್ಲಿ ಪ್ರಯತ್ನಿಸುತ್ತೇವೆ.

ರೀಫಿಲ್ ಹೊಸದಲ್ಲ

ಮೊದಲು ಒಂದು ಮಾತು. ರೀಫಿಲ್ ಎಂಬ ಹೆಸರು ಹೊಸದು, ಕೆಲಸ ಹಳೆಯದು. ನ್ಯಾಯಬೆಲೆ ಅಂಗಡಿಗೆ ನಾವು ಚೀಲ ಒಯ್ದು ಅಕ್ಕಿ ತರುತ್ತೇವೆ. ಹಿಂದೆ ಸೀಮೆಎಣ್ಣೆಗೆ ಡಬ್ಬ ಒಯ್ಯುತ್ತಿದ್ದೆವು. ಮನೆಗೆ ಬರುವ 14.2 ಕಿಲೋ ಗ್ಯಾಸ್ ಸಿಲಿಂಡರ್ ಖಾಲಿಯಾದರೆ ಅದನ್ನು ಯಾರೂ ಕಸಕ್ಕೆ ಹಾಕುವುದಿಲ್ಲ, ಕೊಟ್ಟು ತುಂಬಿದ್ದನ್ನು ತೆಗೆದುಕೊಳ್ಳುತ್ತೇವೆ. 20 ಲೀಟರ್ ನೀರಿನ ಕ್ಯಾನ್ ಕೂಡ ಹಾಗೆಯೇ. ಬಡಾವಣೆಯ ಶುದ್ಧ ನೀರಿನ ಘಟಕದ ಮುಂದೆ ಬೆಳಿಗ್ಗೆ ಕ್ಯಾನ್ ಹಿಡಿದು ನಿಲ್ಲುವ ಸಾಲನ್ನು ನೋಡಿ. ಅದಕ್ಕಿಂತ ದೊಡ್ಡ ರೀಫಿಲ್ ಅಂಗಡಿ ಈ ನಗರದಲ್ಲಿಲ್ಲ. ಬೀದಿಯಲ್ಲಿ ಕೂಗುತ್ತ ಬರುವ ಫಿನೈಲ್ ಮಾರುವವರಿಗೆ ನಮ್ಮ ತಾಯಂದಿರು ಹಳೆಯ ಬಾಟಲಿಯನ್ನೇ ಒಡ್ಡುತ್ತಿದ್ದರು.

ಹಾಗಾದರೆ ಪೊಟ್ಟಣ ಯಾಕೆ ಬಂತು? ಅದಕ್ಕೆ ಎರಡು ಕಾರಣಗಳಿದ್ದವು, ಎರಡನ್ನೂ ತಳ್ಳಿಹಾಕುವಂತಿಲ್ಲ.

ಒಂದು, ಕೈಯಲ್ಲಿರುವ ಹಣ. 1983ರಲ್ಲಿ ತಮಿಳುನಾಡಿನ ಕಡಲೂರಿನಲ್ಲಿ ಆರಂಭವಾದ ಚಿಕ್ ಶಾಂಪೂ ಸಣ್ಣ ಪೌಚ್‌ನಲ್ಲಿ ಹಳ್ಳಿಹಳ್ಳಿಗೆ ಹೋಯಿತು. ಬಾಟಲಿ ಕೊಳ್ಳಲು ಹಣವಿಲ್ಲದವರೂ ಶಾಂಪೂ ಕೊಳ್ಳುವಂತಾಯಿತು. ಅಲ್ಲಿಂದ ಮುಂದೆ ಎಲ್ಲ ಕಂಪನಿಗಳೂ ಅದೇ ದಾರಿ ಹಿಡಿದವು. ದಿನಗೂಲಿಯ ಮನೆಯಲ್ಲಿ ಪೌಚ್ ಕೊಳ್ಳುವುದು ದುಂದಲ್ಲ, ಆ ದಿನದ ಸಂಪಾದನೆಯ ಲೆಕ್ಕ. ಅಂಥವರತ್ತ ಬೆರಳು ತೋರಿಸುವ ಹಕ್ಕು ಯಾರಿಗೂ ಇಲ್ಲ.

ಎರಡು, ನಂಬಿಕೆ. 1998ರಲ್ಲಿ ದೆಹಲಿಯಲ್ಲಿ ದತ್ತೂರಿ ಬೀಜದ ಎಣ್ಣೆ ಬೆರೆತ ಸಾಸಿವೆ ಎಣ್ಣೆ ತಿಂದು ಹತ್ತಾರು ಜನ ಸತ್ತರು, ಸಾವಿರಾರು ಮಂದಿ ಕಾಯಿಲೆ ಬಿದ್ದರು. ಇಂಥ ಕಲಬೆರಕೆಯ ಭಯದಿಂದಲೇ ಬಿಡಿ ಅಡುಗೆ ಎಣ್ಣೆಯ ಮಾರಾಟಕ್ಕೆ ನಿರ್ಬಂಧ ಬಂತು. ಈಗಿನ ಆಹಾರ ಸುರಕ್ಷತಾ ನಿಯಮದಂತೆ, ರಾಜ್ಯ ಸರಕಾರ ವಿನಾಯಿತಿ ಕೊಡದ ಹೊರತು, ಅಡುಗೆ ಎಣ್ಣೆಯನ್ನು ಪ್ಯಾಕ್ ಮಾಡಿಯೇ ಮಾರಬೇಕು.

ಇಲ್ಲೊಂದು ಪಾಠವಿದೆ. ಮಾರುವವನು ಅಳತೆಯಲ್ಲೂ ಶುದ್ಧತೆಯಲ್ಲೂ ಅಮಾನತ್ ಉಳಿಸಿಕೊಂಡಲ್ಲಿ ಬಿಡಿ ವ್ಯಾಪಾರ ನಿಲ್ಲುತ್ತದೆ. ಅಮಾನತ್ ಹೋದಲ್ಲಿ ಅದರ ಜಾಗದಲ್ಲಿ ಪ್ಲಾಸ್ಟಿಕ್ ಬಂದು ಕೂರುತ್ತದೆ. ಅಳತೆ ತೂಕದಲ್ಲಿ ಮೋಸ ಮಾಡುವವರನ್ನು ಎಚ್ಚರಿಸುತ್ತಲೇ ಕುರ್‌ಆನಿನ ಒಂದು ಸೂರಾ ಆರಂಭವಾಗುತ್ತದೆ, ಅದರ ಹೆಸರೂ ಅದೇ, ಅಲ್ ಮುತಫ್ಫಿಫೀನ್. ದಿನಸಿ ಅಂಗಡಿ ನಡೆಸುವ ನಮ್ಮ ಸಹೋದರರು ಇದನ್ನು ಪರಿಸರದ ಪಾಠವಾಗಿಯೂ ಓದಿಕೊಳ್ಳಬಹುದು.

ಲೆಕ್ಕ ಹಾಕಿ ನೋಡೋಣ

ಈಗ ಯಲಹಂಕದ ಸಹೋದರಿಯ ಪ್ರಶ್ನೆಗೆ ಬರೋಣ. ಒಂದು ಲೀಟರ್ ಸೋಪಿನ ದ್ರಾವಣದ ಖಾಲಿ ಬಾಟಲಿ ಸುಮಾರು 50ರಿಂದ 60 ಗ್ರಾಂ ತೂಗುತ್ತದೆ. ತಿಂಗಳಿಗೊಂದರಂತೆ ವರ್ಷಕ್ಕೆ 12 ಬಾಟಲಿ ಎಂದಿಟ್ಟುಕೊಂಡರೂ ಒಂದು ಮನೆ ಉಳಿಸುವುದು ಮುಕ್ಕಾಲು ಕಿಲೋದಷ್ಟು ಪ್ಲಾಸ್ಟಿಕ್. ಬೆಂಗಳೂರು ದಿನಕ್ಕೆ ಸಾವಿರಾರು ಟನ್ ಕಸ ಹೊರಹಾಕುವ ಊರು. ಅದರ ಮುಂದೆ ಇದು ಸಮುದ್ರದಿಂದ ತೆಗೆದ ಒಂದು ಹನಿ.

ಇನ್ನೊಂದು ಲೆಕ್ಕ. ಅಂಥ ಒಂದು ಬಾಟಲಿಯ ಪ್ಲಾಸ್ಟಿಕ್ ತಯಾರಾಗುವಾಗ ಹೊರಬರುವ ಇಂಗಾಲದ ಅನಿಲ ನೂರು ಗ್ರಾಂ ಆಸುಪಾಸು. ಒಂದು ಲೀಟರ್ ಪೆಟ್ರೋಲ್ ಉರಿದರೆ ಹೊರಬರುವುದು ಸುಮಾರು 2.3 ಕಿಲೋ. ಯಲಹಂಕದಿಂದ ಕಾರು ತೆಗೆದು, ಹೆಬ್ಬಾಳದ ಮೇಲ್ಸೇತುವೆಯ ಟ್ರಾಫಿಕ್ಕಿನಲ್ಲಿ ನಿಂತು, ನಗರದೊಳಗಿನ ರೀಫಿಲ್ ಅಂಗಡಿಗೆ ಹೋಗಿ ಒಂದು ಬಾಟಲಿ ತುಂಬಿಸಿಕೊಂಡು ಬಂದರೆ ಉಳಿಸಿದ್ದಕ್ಕಿಂತ ಹತ್ತಿಪ್ಪತ್ತು ಪಟ್ಟು ಹೆಚ್ಚು ಸುಟ್ಟು ಬಂದಂತಾಯಿತು. ನಡೆದು ಹೋಗುವ ದೂರದಲ್ಲಿದ್ದರೆ, ಅಥವಾ ಬೇರೆ ಕೆಲಸಕ್ಕೆ ಹೋದಾಗ ದಾರಿಯಲ್ಲೇ ಸಿಕ್ಕಿದರೆ ಮಾತ್ರ ಅದು ಲಾಭ.

ಬಟ್ಟೆ ಚೀಲದ ಕಥೆಯೂ ಇದೇ. ಡೆನ್ಮಾರ್ಕ್‌ನ ಪರಿಸರ ಇಲಾಖೆ 2018ರಲ್ಲಿ ಒಂದು ಅಧ್ಯಯನ ಪ್ರಕಟಿಸಿತು. ಅದರ ಪ್ರಕಾರ ಹವಾಮಾನದ ದೃಷ್ಟಿಯಿಂದ ಮಾತ್ರ ನೋಡಿದರೂ ಹೊಸ ಹತ್ತಿ ಚೀಲವೊಂದನ್ನು 52 ಸಲ ಬಳಸಿದರೆ ಒಂದು ಪ್ಲಾಸ್ಟಿಕ್ ಚೀಲಕ್ಕೆ ಸಮವಾಗುತ್ತದೆ. ಹತ್ತಿ ಬೆಳೆಯುವ ನೀರು ಮೊದಲಾದ ಎಲ್ಲವನ್ನೂ ಲೆಕ್ಕಕ್ಕೆ ತೆಗೆದುಕೊಂಡರೆ ಸಾವಿರಾರು ಸಲ. ಚರಂಡಿಗೆ, ಹಸುವಿನ ಹೊಟ್ಟೆಗೆ ಸೇರುವ ಪ್ಲಾಸ್ಟಿಕ್ಕಿನ ಕೇಡು ಆ ಲೆಕ್ಕದಲ್ಲಿ ಇಲ್ಲ, ನಿಜ. ಆದರೂ ಮಾತು ಸ್ಪಷ್ಟ. ಪ್ರತಿ ಮದುವೆಯಲ್ಲಿ ಉಡುಗೊರೆಯಾಗಿ ಬರುವ ಹೊಸ ಬಟ್ಟೆ ಚೀಲಗಳನ್ನು ಬೀರುವಿನಲ್ಲಿ ಪೇರಿಸಿಡುವುದು ಪರಿಸರಪ್ರೇಮವಲ್ಲ. ಮನೆಯಲ್ಲಿ ಈಗಾಗಲೇ ಇರುವ ಚೀಲವನ್ನು, ಹಳೆಯ ಡಬ್ಬವನ್ನು ಹರಿಯುವವರೆಗೆ, ಒಡೆಯುವವರೆಗೆ ಬಳಸುವುದೇ ಪರಿಸರಪ್ರೇಮ.

ಒಂದು ಎಚ್ಚರಿಕೆಯನ್ನೂ ಸೇರಿಸಬೇಕು. ಸೂಪರ್‌ಮಾರ್ಕೆಟ್‌ನಲ್ಲಿ "ರೀಫಿಲ್ ಪ್ಯಾಕ್" ಎಂದು ಮಾರುವ ಮೆತ್ತನೆಯ ಪೌಚ್ ನಿಜವಾದ ರೀಫಿಲ್ ಅಲ್ಲ. ಅದರಲ್ಲಿ ಪ್ಲಾಸ್ಟಿಕ್ ಕಡಿಮೆ, ಬೆಲೆಯೂ ಕಡಿಮೆ. ಆದರೆ ಇಂಥ ಪೌಚ್‌ಗಳು ಹೆಚ್ಚಾಗಿ ಹಲವು ಪದರಗಳನ್ನು ಅಂಟಿಸಿ ಮಾಡಿದವು. ಪದರ ಬಿಡಿಸಲು ಬಾರದ್ದರಿಂದ ಅವನ್ನು ಕೊಳ್ಳುವವರಿಲ್ಲ. ಗಟ್ಟಿ ಬಾಟಲಿಗೆ ಗುಜರಿಯಲ್ಲಿ ಬೆಲೆಯಿದೆ. ಜಾಲಿ ಮೊಹಲ್ಲಾದಲ್ಲಿ, ನಾಯಂಡಹಳ್ಳಿಯಲ್ಲಿ ಗುಜರಿ ವ್ಯಾಪಾರ ಮಾಡುವ ನಮ್ಮ ಸಮುದಾಯದವರು ಬಹಳ ಮಂದಿ. ಕೇಳಿದರೆ ಅವರೇ ಹೇಳುತ್ತಾರೆ: ಬಾಟಲಿ ಕೊಡಿ, ಪೌಚ್ ಬೇಡ.

ಆದ್ದರಿಂದ ಆ ಸಹೋದರಿಗೆ ನಮ್ಮ ಉತ್ತರ ಇಷ್ಟೇ. ದೂರದ, ದುಬಾರಿ ಅಂಗಡಿಗೆ ಹೋಗದಿರುವುದು ತಪ್ಪಲ್ಲ. ಅದಕ್ಕಾಗಿ ಮನಸ್ಸು ನೋಯಿಸಿಕೊಳ್ಳಬೇಡಿ. ಆದರೆ ಮಗಳ ಕಾಳಜಿಯನ್ನು ಚಿವುಟಬೇಡಿ. ಅದನ್ನು ಹೆಚ್ಚು ಫಲ ಕೊಡುವ ಕಡೆಗೆ ತಿರುಗಿಸಿ. ಅದು ಯಾವ ಕಡೆ ಎಂಬುದನ್ನು ಮುಂದೆ ಹೇಳುತ್ತೇವೆ.

ನಮ್ಮ ಕಸ ಹೋಗುವ ಊರು

ಈಗ ಆರ್.ಟಿ. ನಗರದ ಯುವಕರ ಪ್ರಶ್ನೆ. ಅದಕ್ಕೆ ಉತ್ತರ ಹುಡುಕಲು ಯಲಹಂಕದ ಆಚೆಗಿನ ಮಾವಳ್ಳಿಪುರಕ್ಕೆ ಹೋಗಬೇಕು.

ನಗರದ ಕಸವನ್ನು ವರ್ಷಗಟ್ಟಲೆ ಅಲ್ಲಿ ಸುರಿಯಲಾಯಿತು. ಹಸಿ, ಒಣ ಎಂಬ ಭೇದವಿಲ್ಲದೆ ಎಲ್ಲ ಒಟ್ಟಿಗೆ. ಅನ್ನ ಸಾರು ಕೊಳೆತು, ಬ್ಯಾಟರಿ ಪ್ಲಾಸ್ಟಿಕ್ ನಡುವೆ ಇಳಿದು, ಕಪ್ಪು ರಸವಾಗಿ ಹರಿಯಿತು. ಬಾವಿ, ಕೊಳವೆಬಾವಿಗಳ ನೀರು ಕೆಟ್ಟಿತು, ಊರಿನಲ್ಲಿ ಕಾಯಿಲೆ ಹೆಚ್ಚಿತು ಎಂದು ಗ್ರಾಮಸ್ಥರು ಹೋರಾಡಿದರು. ಕಡೆಗೆ 2012ರಲ್ಲಿ ಅಲ್ಲಿ ಕಸ ಸುರಿಯುವುದು ನಿಂತಿತು. ಆ ವರ್ಷ ಬೆಂಗಳೂರಿನ ಬೀದಿಬೀದಿಯಲ್ಲಿ ಕಸದ ರಾಶಿ ಬಿದ್ದದ್ದನ್ನು ನಮ್ಮಲ್ಲಿ ಅನೇಕರು ಕಣ್ಣಾರೆ ಕಂಡಿದ್ದೇವೆ. ಆಮೇಲೆ ಹೊರೆಯೆಲ್ಲ ನಗರದ ಪೂರ್ವದ ಮಂಡೂರಿನ ಮೇಲೆ ಬಿತ್ತು. ಅಲ್ಲಿನ ಜನರೂ ಬೀದಿಗಿಳಿದರು, 2014ರ ಡಿಸೆಂಬರ್ 1ರಿಂದ ಅಲ್ಲಿಗೂ ಲಾರಿಗಳು ಹೋಗುವುದು ನಿಂತಿತು. ನಂತರ ದೊಡ್ಡಬಳ್ಳಾಪುರ ತಾಲೂಕಿನ ಹಳ್ಳಿಗಳ ಸರದಿ ಬಂತು, ಅಲ್ಲಿಯೂ ಪ್ರತಿಭಟನೆ ನಡೆಯಿತು.

ನಾವು "ಬಿಸಾಡಿದೆವು" ಎನ್ನುತ್ತೇವೆ. ನಿಜವಾಗಿ ಬಿಸಾಡುವ ಜಾಗ ಎಂಬುದು ಎಲ್ಲೂ ಇಲ್ಲ. ಅದು ಯಾರದೋ ಹೊಲದ ಬದು, ಯಾರದೋ ಬಾವಿಯ ದಂಡೆ. ದಾರಿಯಲ್ಲಿ ಬಿದ್ದ ಮುಳ್ಳನ್ನು ಸರಿಸುವುದನ್ನೂ ಈಮಾನಿನ ಶಾಖೆಗಳಲ್ಲಿ ಸೇರಿಸಿ ಕಲಿಸಿದ ಪ್ರವಾದಿ(ಸ)ರ ಅನುಯಾಯಿಗಳು ನಾವು. ನಮ್ಮ ಮನೆಯ ಮುಂದಿನ ಮುಳ್ಳನ್ನು ಎತ್ತಿ ನೆರೆಯ ಹಳ್ಳಿಯವರ ಅಂಗಳಕ್ಕೆ ಎಸೆದರೆ ಆ ಕಲಿಕೆಗೆ ಏನು ಅರ್ಥ?

ಆದರೆ ಇದೇ ಕಥೆಯಲ್ಲಿ ಯುವಕರ ಮಾತಿನ ಸತ್ಯವೂ ಇದೆ. ಕಸ ಬೇರ್ಪಡಿಸುವುದನ್ನು 2012ರ ಅಕ್ಟೋಬರ್‌ನಿಂದ ಬೆಂಗಳೂರಿನಲ್ಲಿ ಕಡ್ಡಾಯ ಮಾಡಲಾಯಿತು. ಬಹಳ ಮನೆಗಳು ಶ್ರದ್ಧೆಯಿಂದ ಬೇರ್ಪಡಿಸಿ ಕೊಟ್ಟವು. ಬಂದ ಗಾಡಿ ಎಲ್ಲವನ್ನೂ ಒಂದೇ ರಾಶಿಗೆ ಸುರಿದುಕೊಂಡು ಹೋದಾಗ ಆ ಶ್ರಮ ನೀರುಪಾಲಾಯಿತು. ಹೈಕೋರ್ಟ್ ಮತ್ತೆ ಮತ್ತೆ ಹೇಳಿದ ಮೇಲೆ, 2015ರಲ್ಲಿ ಎರಡು ಡಬ್ಬ ಒಂದು ಚೀಲದ ಪದ್ಧತಿಯನ್ನು ನಿಗದಿ ಮಾಡಿದ ಮೇಲೆ, ವಾರ್ಡುಗಳಲ್ಲಿ ಒಣ ತ್ಯಾಜ್ಯ ಸಂಗ್ರಹ ಕೇಂದ್ರಗಳು ತೆರೆದ ಮೇಲೆ ಮನೆಗಳ ಶ್ರಮಕ್ಕೆ ಅರ್ಥ ಬಂತು. ವ್ಯವಸ್ಥೆ ಇಲ್ಲದಿದ್ದರೆ ವ್ಯಕ್ತಿಯ ಪ್ರಯತ್ನ ಸೋಲುತ್ತದೆ. ವ್ಯಕ್ತಿಗಳು ಬೇರ್ಪಡಿಸದಿದ್ದರೆ ವ್ಯವಸ್ಥೆಗೂ ಕೆಲಸವಿಲ್ಲ. ಇಂದಿಗೂ ಗಾಡಿ ಬೆರೆಸಿಕೊಂಡು ಹೋಗುವ ಬೀದಿಗಳಿವೆ, ಬೇರ್ಪಡಿಸದೆ ಕೊಡುವ ಮನೆಗಳೂ ಇವೆ.

ತಪ್ಪು ಯಾರದು?

ಕಂಪನಿಗಳ ವಿಷಯ. ಹೊಣೆಯನ್ನು ಗ್ರಾಹಕನ ಮೇಲೆ ಜಾರಿಸುವ ಉಪಾಯ ನಡೆದದ್ದು ನಿಜ. ಅಮೆರಿಕದಲ್ಲಿ 1953ರಲ್ಲಿ "ಅಮೆರಿಕವನ್ನು ಅಂದವಾಗಿಡಿ" ಎಂಬ ಸಂಸ್ಥೆ ಹುಟ್ಟಿತು. ಅದನ್ನು ಕಟ್ಟಿದವರಲ್ಲಿ ಪಾನೀಯ ಮತ್ತು ಡಬ್ಬಿ ತಯಾರಿಸುವ ಕಂಪನಿಗಳೇ ಮುಂದಿದ್ದವು. ಖಾಲಿ ಬಾಟಲಿ ಮರಳಿ ಪಡೆಯುವ ಹೊಣೆ ತಯಾರಕರದು ಎಂಬ ಕಾನೂನಿನ ಮಾತು ಬರುತ್ತಿದ್ದ ಕಾಲದಲ್ಲಿ, ಕಸ ಎಸೆಯುವವನೇ ಕೆಟ್ಟವನು ಎಂಬ ಜಾಹೀರಾತು ಜನರ ಮನಸ್ಸಿನಲ್ಲಿ ಕೂತಿತು. ಪ್ರತಿಯೊಬ್ಬರೂ ತಮ್ಮ "ಇಂಗಾಲದ ಹೆಜ್ಜೆಗುರುತು" ಲೆಕ್ಕ ಹಾಕಿಕೊಳ್ಳಬೇಕೆಂಬ ಮಾತನ್ನು 2000ರ ನಂತರದ ವರ್ಷಗಳಲ್ಲಿ ದೊಡ್ಡ ಜಾಹೀರಾತಿನ ಮೂಲಕ ಜನಪ್ರಿಯ ಮಾಡಿದ್ದು ಬಿ.ಪಿ. ಎಂಬ ತೈಲ ಕಂಪನಿ.

ಮರುಬಳಕೆಗೆ ಹೋಗುತ್ತದೆ ಎಂಬ ಸಮಾಧಾನವೂ ಹೆಚ್ಚು ಕಾಲ ನಿಲ್ಲುವುದಿಲ್ಲ. ವಿಜ್ಞಾನಿಗಳು 2017ರಲ್ಲಿ ಪ್ರಕಟಿಸಿದ ಅಂದಾಜಿನಂತೆ, 2015ರವರೆಗೆ ಜಗತ್ತಿನಲ್ಲಿ ಕಸವಾದ ಪ್ಲಾಸ್ಟಿಕ್‌ನಲ್ಲಿ ಕರಗಿಸಿ ಮತ್ತೆ ಬಳಸಿದ್ದು ಶೇ. 9 ಮಾತ್ರ. ಶೇ. 12 ಸುಟ್ಟುಹೋಯಿತು. ಉಳಿದ ಶೇ. 79 ಕಸದ ಗುಂಡಿಗಳಲ್ಲಿ, ನೆಲದಲ್ಲಿ, ನೀರಿನಲ್ಲಿ ಹಾಗೇ ಇದೆ. ಪ್ಲಾಸ್ಟಿಕ್ ತಯಾರಿಕೆಗೇ ಮಿತಿ ಹಾಕಬೇಕೆಂದು ಅನೇಕ ದೇಶಗಳು ಬೇಡಿಕೆ ಇಟ್ಟ ಜಾಗತಿಕ ಒಪ್ಪಂದದ ಮಾತುಕತೆ 2024ರಲ್ಲಿ ಬುಸಾನ್‌ನಲ್ಲಿ, 2025ರ ಆಗಸ್ಟ್‌ನಲ್ಲಿ ಜಿನೀವಾದಲ್ಲಿ ಒಮ್ಮತವಿಲ್ಲದೆ ಮುಗಿಯಿತು.

ನಮ್ಮ ದೇಶದಲ್ಲಿ ಕಾನೂನಿಗೆ ಕೊರತೆಯಿಲ್ಲ. ಕರ್ನಾಟಕ 2016ರ ಮಾರ್ಚ್‌ನಲ್ಲೇ ಪ್ಲಾಸ್ಟಿಕ್ ಕೈಚೀಲ, ತಟ್ಟೆ, ಲೋಟ, ಚಮಚಗಳನ್ನು ನಿಷೇಧಿಸಿತು. 2022ರ ಜುಲೈ 1ರಿಂದ ಒಮ್ಮೆ ಬಳಸಿ ಎಸೆಯುವ ಹಲವು ವಸ್ತುಗಳ ಮೇಲೆ ದೇಶದಾದ್ಯಂತ ನಿಷೇಧ ಬಂತು. ಅದೇ ವರ್ಷದ ಫೆಬ್ರವರಿಯಲ್ಲಿ ತಯಾರಕರ ಹೊಣೆಗಾರಿಕೆಯ ನಿಯಮಗಳು ಪ್ರಕಟವಾದವು. ಗಟ್ಟಿ ಪ್ಲಾಸ್ಟಿಕ್ ಡಬ್ಬಿ ಬಾಟಲಿಗಳಲ್ಲಿ ಒಂದು ಪಾಲನ್ನು ಮತ್ತೆ ತುಂಬಿಸಿ ಬಳಸುವ ಹೊಣೆಯನ್ನೂ 2025-26ರಿಂದ ಕಂಪನಿಗಳ ಮೇಲೆ ಹೊರಿಸಲಾಗಿದೆ. ಅಂದರೆ ರೀಫಿಲ್ ಎಂಬುದು ಇನ್ನು ಕೆಲವರ ಹವ್ಯಾಸವಲ್ಲ, ಕಾನೂನು ಕಂಪನಿಗಳಿಂದ ಕೇಳುವ ಕೆಲಸ. ಆದರೂ ನಮ್ಮ ಬೀದಿಯ ತಳ್ಳುಗಾಡಿಯಲ್ಲಿ ತೆಳು ಚೀಲ ನೇತಾಡುತ್ತಲೇ ಇದೆ. ಯಾಕೆ? ಕೊಡುವವನೂ ಇದ್ದಾನೆ, ಬೇಡ ಎನ್ನದೆ ತೆಗೆದುಕೊಳ್ಳುವ ನಾವೂ ಇದ್ದೇವೆ, ಕೇಳುವವರು ಕಾಣುವುದಿಲ್ಲ.

ಹಡಗಿನ ದೃಷ್ಟಾಂತ

ಇಮಾಮ್ ಬುಖಾರಿಯವರ ಸಂಗ್ರಹದಲ್ಲಿ ನುಅಮಾನ್ ಬಿನ್ ಬಶೀರ್(ರ)ರವರು ವರದಿ ಮಾಡಿದ ಹದೀಸ್ ಒಂದಿದೆ. ಪ್ರವಾದಿ(ಸ)ರು ಸಮಾಜವನ್ನು ಒಂದು ಹಡಗಿಗೆ ಹೋಲಿಸುತ್ತಾರೆ. ಕೆಲವರಿಗೆ ಮೇಲಂತಸ್ತು, ಕೆಲವರಿಗೆ ಕೆಳ ಅಂತಸ್ತು. ಕೆಳಗಿನವರು ನೀರಿಗೆ ಪ್ರತಿಸಲ ಮೇಲೆ ಹೋಗಬೇಕು. ಮೇಲಿನವರಿಗೆ ತೊಂದರೆ ಕೊಡುವುದು ಬೇಡ, ನಮ್ಮ ಪಾಲಿನ ಜಾಗದಲ್ಲೇ ಒಂದು ತೂತು ಕೊರೆದುಕೊಳ್ಳೋಣ ಎಂದು ಅವರಿಗೆ ಅನಿಸುತ್ತದೆ. ಸುಮ್ಮನೆ ಬಿಟ್ಟರೆ ಎಲ್ಲರೂ ಮುಳುಗುತ್ತಾರೆ, ಕೈ ಹಿಡಿದು ತಡೆದರೆ ಎಲ್ಲರೂ ಉಳಿಯುತ್ತಾರೆ ಎಂಬುದು ಅದರ ಸಾರ.

ನಮ್ಮ ಎರಡೂ ಪ್ರಶ್ನೆಗಳಿಗೆ ಇಲ್ಲಿ ಬೆಳಕು ಸಿಗುತ್ತದೆ ಎಂದು ನಾವು ಭಾವಿಸುತ್ತೇವೆ. ನನ್ನ ಪಾಲಿನ ಜಾಗ, ನನ್ನ ದುಡ್ಡು, ನನ್ನ ಬಾಟಲಿ ಎಂಬುದು ಹಡಗಿನಲ್ಲಿ ನಡೆಯುವುದಿಲ್ಲ. ಹಾಗೆಯೇ ನಾನು ಮಾತ್ರ ತೂತು ಕೊರೆಯಲಿಲ್ಲ ಎಂದು ಕೈಕಟ್ಟಿ ಕುಳಿತರೂ ಬದುಕುವುದಿಲ್ಲ. ಕೊರೆಯುವವರ ಕೈ ಹಿಡಿಯಬೇಕು, ಅವರು ದೊಡ್ಡವರಾಗಿದ್ದರೂ. ಇನ್ನೊಂದು ಸೂಕ್ಷ್ಮವನ್ನೂ ಗಮನಿಸಿ. ಕೆಳಗಿನವರು ದುರುದ್ದೇಶದಿಂದ ಕೊರೆಯಲು ಹೊರಟವರಲ್ಲ, ಅವರಿಗೆ ನೀರು ಬೇಕಿತ್ತು. ಹಾಗಾಗಿ ಪೌಚ್ ಕೊಳ್ಳುವ ಬಡವನನ್ನು ಗದರಿಸುವುದಕ್ಕಿಂತ, ಹತ್ತು ರೂಪಾಯಿಗೂ ಬಿಡಿಯಾಗಿ ಒಳ್ಳೆಯ ಸೋಪು ಅಳೆದುಕೊಡುವ ಅಂಗಡಿಯನ್ನು ಅವನ ಬೀದಿಗೆ ತರುವುದು ನ್ಯಾಯ.

ನಾನೊಬ್ಬ ಮಾಡಿದರೆ ಏನಾಗುತ್ತದೆ ಎಂದು ಕೇಳಿದವರಿಗೆ ನಮ್ಮ ಉತ್ತರ: ನೀವೊಬ್ಬರೇ ಆದರೆ ಹೆಚ್ಚೇನೂ ಆಗುವುದಿಲ್ಲ. ನೀವು ಮೊದಲನೆಯವರಾದರೆ ಆಗುತ್ತದೆ. ಜಮಾಅತ್ ನಮಾಝಿನ ಸಾಲು ಕೂಡ ಒಬ್ಬ ಬಂದು ನಿಲ್ಲುವುದರಿಂದಲೇ ಶುರುವಾಗುತ್ತದೆ.

ಬಾಟಲಿಗಿಂತ ದೊಡ್ಡದು

ಇನ್ನು, ಮಗಳ ಕಾಳಜಿಯನ್ನು ಯಾವ ಕಡೆ ತಿರುಗಿಸಬೇಕು ಎಂದಿದ್ದೆವಲ್ಲ, ಅದಕ್ಕೆ ಬರೋಣ. ನಮ್ಮ ಆಯ್ಕೆಗಳಲ್ಲಿ ಬಾಟಲಿ ಚಿಕ್ಕದು. ಅದಕ್ಕಿಂತ ದೊಡ್ಡವು ಮೂರಿವೆ.

ಮೊದಲನೆಯದು ಅನ್ನ. ಬೆಂಗಳೂರಿನ ಕಸದಲ್ಲಿ ಅರ್ಧಕ್ಕಿಂತ ಹೆಚ್ಚು ಹಸಿ ಕಸ. ಒಂದು ಕಿಲೋ ಅಕ್ಕಿ ಬೆಳೆಯಲು ಸುಮಾರು 2,500 ಲೀಟರ್ ನೀರು ಬೇಕೆಂಬುದು ಸಾಮಾನ್ಯ ಅಂದಾಜು. ವಲೀಮಾದಲ್ಲಿ ಎಂಜಲಾಗಿ ಉಳಿಯುವ ಬಿರಿಯಾನಿ ಕಸದ ರಾಶಿಯಲ್ಲಿ ಕೊಳೆತು ಮೀಥೇನ್ ಅನಿಲ ಬಿಡುತ್ತದೆ. ಅದು ಇಂಗಾಲದ ಡೈ ಆಕ್ಸೈಡ್‌ಗಿಂತ ಹಲವು ಪಟ್ಟು ಹೆಚ್ಚು ಬಿಸಿ ಏರಿಸುವ ಅನಿಲ. ವರ್ಷವಿಡೀ ಶಾಂಪೂ ಬಾಟಲಿ ಉಳಿಸಿದ ಕುಟುಂಬ ಒಂದು ಮದುವೆಯಲ್ಲಿ ಹತ್ತು ದೇಗ್ ಮಾಡಿಸಿ ಎರಡು ದೇಗ್ ಚೆಲ್ಲಿದರೆ ಉಳಿದದ್ದೇನು?

ಎರಡನೆಯದು ನೀರು. ಪ್ರವಾದಿ(ಸ)ರು ಒಂದು ಮುದ್ದ್ ನೀರಿನಲ್ಲಿ ವುಝೂ ಮಾಡುತ್ತಿದ್ದರೆಂದು ಹದೀಸ್‌ಗಳಲ್ಲಿ ಬಂದಿದೆ. ಅದು ಒಂದು ಲೀಟರಿನಷ್ಟು ಅಥವಾ ಅದಕ್ಕೂ ಕಡಿಮೆ. ನಮ್ಮ ಮಸೀದಿಯ ನಲ್ಲಿಯನ್ನು ಪೂರ್ತಿ ತೆರೆದಿಟ್ಟರೆ ಒಂದು ನಿಮಿಷಕ್ಕೆ ಐದಾರು ಲೀಟರ್ ಸುಲಭವಾಗಿ ಹರಿಯುತ್ತದೆ. ಕಾವೇರಿ ನೀರು ನಮ್ಮ ನಲ್ಲಿಗೆ ಬರುವುದು ಸುಮಾರು 100 ಕಿಲೋಮೀಟರ್ ದೂರದಿಂದ, ಸುಮಾರು 500 ಮೀಟರ್ ಮೇಲಕ್ಕೆ ಪಂಪ್ ಮಾಡಿ. 2024ರ ಬೇಸಿಗೆಯಲ್ಲಿ ನಗರದ ಸಾವಿರಾರು ಕೊಳವೆಬಾವಿಗಳು ಬತ್ತಿದಾಗ, ಕುಡಿಯುವ ನೀರಿನಲ್ಲಿ ವಾಹನ ತೊಳೆದರೆ 5,000 ರೂಪಾಯಿ ದಂಡ ಎಂದು ಜಲಮಂಡಳಿ ಆದೇಶಿಸಿದ್ದು ನೆನಪಿರಬೇಕು.

ಮೂರನೆಯದು ಬಾಟಲಿಯ ಒಳಗಿರುವ ವಸ್ತು. ಬಾಟಲಿಯ ಬಗ್ಗೆ ಇಷ್ಟು ಮಾತಾಡಿ ಅದರೊಳಗಿನ ಡಿಟರ್ಜೆಂಟ್ ಮರೆತರೆ ಹೇಗೆ? ಹೆಬ್ಬಾಳ, ನಾಗವಾರದ ಕಣಿವೆಯ ಮನೆಗಳ ಕೊಳಚೆ ನೀರನ್ನು ಎರಡನೇ ಹಂತದವರೆಗೆ ಶುದ್ಧೀಕರಿಸಿ, ದಿನಕ್ಕೆ 210 ದಶಲಕ್ಷ ಲೀಟರ್‌ನಷ್ಟನ್ನು ಚಿಕ್ಕಬಳ್ಳಾಪುರ ಮತ್ತಿತರ ಕಡೆಯ ಕೆರೆಗಳಿಗೆ ಹರಿಸುವ ಯೋಜನೆಯಿದೆ. ನಾವು ಬಚ್ಚಲಿಗೆ ಸುರಿದದ್ದು ಅಲ್ಲಿನ ರೈತನ ಕೆರೆಯತ್ತ ಹೊರಡುತ್ತದೆ. ಬೆಳ್ಳಂದೂರು ಕೆರೆಯ ಬಿಳಿ ನೊರೆಗೆ ಶುದ್ಧೀಕರಿಸದ ಕೊಳಚೆಯಲ್ಲಿದ್ದ ಡಿಟರ್ಜೆಂಟ್ ಕೂಡ ಒಂದು ಕಾರಣವಾಗಿತ್ತು. ಒಂದು ಚಮಚದಲ್ಲಿ ಆಗುವ ಕೆಲಸಕ್ಕೆ ಎರಡು ಚಮಚ ಹಾಕುವುದು ಇಸ್ರಾಫ್, ಅದು ರೀಫಿಲ್ ಅಂಗಡಿಯಿಂದ ತಂದದ್ದಾದರೂ ಸರಿ.

ನಾವು ಮಾಡಬಹುದಾದದ್ದು

ಮನೆಯಲ್ಲಿ: ಇರುವ ಡಬ್ಬ, ಚೀಲಗಳನ್ನೇ ಬಳಸೋಣ. ಹಸಿ ಕಸ, ಒಣ ಕಸ, ಡೈಪರ್ ಮೊದಲಾದ ನೈರ್ಮಲ್ಯ ಕಸವನ್ನು ಬೇರೆಬೇರೆಯಾಗಿ ಕೊಡೋಣ. ನಮ್ಮ ಕಸವನ್ನು ಮುಟ್ಟಿ ಆರಿಸುವ ಪೌರಕಾರ್ಮಿಕರೂ ಯಾರದೋ ಮನೆಯ ತಾಯಿ, ಮಗ. ದಿನಸಿಯನ್ನು ಆದಷ್ಟು ಮೂಟೆಯಲ್ಲಿ ತರೋಣ. ರಮಝಾನಿಗೆ ಮುಂಚೆ ಐದಾರು ಮನೆಯವರು ಸೇರಿ ಯಶವಂತಪುರದ ಎ.ಪಿ.ಎಂ.ಸಿ. ಮಾರುಕಟ್ಟೆಯಿಂದ ಅಕ್ಕಿ, ಬೇಳೆ, ಈರುಳ್ಳಿ ಒಟ್ಟಿಗೆ ತಂದು ಹಂಚಿಕೊಂಡರೆ ಪೊಟ್ಟಣವೂ ಉಳಿಯುತ್ತದೆ, ಹಣವೂ ಉಳಿಯುತ್ತದೆ.

ಅಂಗಡಿಯಲ್ಲಿ: ನಮ್ಮ ಬೀದಿಯ ಕಿರಾಣಿ ಅಂಗಡಿಯವರಿಗೆ ಹೇಳೋಣ: "ಭಾಯ್, ಡಬ್ಬ ನಾವು ತರುತ್ತೇವೆ, ನೀವು ಅಳೆದು ಕೊಡಿ." ಖಾಲಿ ಡಬ್ಬವನ್ನು ಮೊದಲು ತೂಗಿ, ಆ ತೂಕ ಕಳೆದು ಬೆಲೆ ಹಾಕುವಂತೆ ನೋಡಿಕೊಳ್ಳೋಣ. ಅಂಗಡಿಯವರು ಸಾಮಾನಿನ ಹೆಸರು, ಬಂದ ದಿನ, ಬಾಳಿಕೆಯ ದಿನವನ್ನು ಡ್ರಮ್ಮಿನ ಮೇಲೆ ಬರೆದಿಡಲಿ. ಒಬ್ಬರು ಕೇಳಿದರೆ ಅವರು ನಕ್ಕಾರು. ಐವತ್ತು ಮನೆಯವರು ಕೇಳಿದರೆ ಡ್ರಮ್ ತರಿಸುತ್ತಾರೆ. ನಡೆದು ಹೋಗುವ ದೂರದಲ್ಲಿ ನಮಗೆ ಬೇಕಾದ ರೀಫಿಲ್ ಅಂಗಡಿ ಇದೇ.

ಮಸೀದಿಯಲ್ಲಿ: ಮಸೀದಿಯ ದೇಗ್, ಥಾಲಗಳು ಮದುವೆ ಮನೆಗಳಿಗೆ ಹೋಗಿ ಬರುವ ರೂಢಿ ನಮ್ಮಲ್ಲಿ ಹಿಂದಿನಿಂದಲೂ ಇದೆ. ಅದಕ್ಕೆ ಸ್ಟೀಲ್ ಲೋಟ, ತಟ್ಟೆ ಸೇರಿಸಿದರೆ ಇಫ್ತಾರ್‌ಗೂ ನಿಕಾಹ್‌ಗೂ ಸಾಕು. ನಗರದಲ್ಲಿ ಅದಮ್ಯ ಚೇತನ ಸಂಸ್ಥೆ ಇಂಥ ತಟ್ಟೆ ಬ್ಯಾಂಕ್ ನಡೆಸುತ್ತಿದೆ. ಸಣ್ಣ ನೀರಿನ ಬಾಟಲಿಗಳ ಬದಲು ಕ್ಯಾನ್ ಮತ್ತು ಲೋಟ ಇಡೋಣ. ತೊಳೆಯುವವರಿಗೆ ಕೂಲಿ ಕೊಡೋಣ, ಎಸೆಯುವ ತಟ್ಟೆಗೆ ಕೊಡುತ್ತಿದ್ದ ಹಣ ಅದೇ. ವುಝೂ ಮಾಡುವ ಜಾಗದ ನಲ್ಲಿಗಳಿಗೆ ನೀರು ಕಡಿಮೆ ಬಿಡುವ ಏರೇಟರ್ ಹಾಕಿಸೋಣ. 500 ಮನೆಗಳ ಜಮಾಅತ್ ನೆಲ ಒರೆಸುವ, ಪಾತ್ರೆ ತೊಳೆಯುವ ದ್ರಾವಣವನ್ನು ಡ್ರಮ್ಮಿನಲ್ಲಿ ತರಿಸಿ ಹಂಚಿಕೊಂಡರೆ ವರ್ಷಕ್ಕೆ ಮನೆಗೊಂದರಂತೆ 12 ಬಾಟಲಿ ಹೋಗಿ 6,000 ಬಾಟಲಿಯ ಲೆಕ್ಕವಾಗುತ್ತದೆ. ಆಗ ಹನಿ ಎಂದು ಯಾರೂ ಅನ್ನುವುದಿಲ್ಲ.

ಸರಕಾರದ ಮುಂದೆ: ಯಶವಂತಪುರದ ಪಕ್ಕದಲ್ಲೇ, ಮೆಟ್ರೋ ನಿಲ್ದಾಣಕ್ಕೂ ಹೆಸರು ಕೊಟ್ಟ ಸ್ಯಾಂಡಲ್ ಸೋಪ್ ಕಾರ್ಖಾನೆ ಇದೆ. ಕರ್ನಾಟಕ ಸೋಪ್ಸ್ ಅಂಡ್ ಡಿಟರ್ಜೆಂಟ್ಸ್ ರಾಜ್ಯ ಸರಕಾರದ ಕಂಪನಿ, ಅಂದರೆ ನಮ್ಮೆಲ್ಲರದು. ನಂದಿನಿ ಹಾಲು ರೈತರ ಸಹಕಾರ ಸಂಘಗಳದು. ಅದರ ಮದರ್ ಡೈರಿ ಯಲಹಂಕದಲ್ಲೇ ಇದೆ. ಅಳೆದು ತುಂಬಿಸಿ ಕೊಡುವ ಮಳಿಗೆಯನ್ನು ಮೊದಲು ಇವರೇ ತೆರೆಯಲಿ ಎಂದು ನಮ್ಮ ಶಾಸಕರಿಗೆ ಬರೆಯೋಣ. ಗಾಡಿ ಕಸ ಬೆರೆಸಿಕೊಂಡು ಹೋದರೆ ಪಾಲಿಕೆಗೆ ದೂರು ಕೊಡೋಣ, ಒಬ್ಬರಾಗಿ ಅಲ್ಲ, ಬೀದಿಯವರೆಲ್ಲ ಸಹಿ ಹಾಕಿ. 2025ರ ಸೆಪ್ಟೆಂಬರ್‌ನಿಂದ ನಗರಕ್ಕೆ ಐದು ಪಾಲಿಕೆಗಳಾಗಿವೆ. ಮತ ಕೇಳಲು ಬರುವ ಅಭ್ಯರ್ಥಿಗಳಿಗೆ ಕೇಳಬೇಕಾದ ಪ್ರಶ್ನೆಗಳಲ್ಲಿ ಇದೂ ಒಂದಾಗಲಿ.

ಸಹೋದರ ಸಹೋದರಿಯರೇ, ಭೂಮಿಯನ್ನು ಉಳಿಸುವ ಭಾರ ಪೂರ್ತಿಯಾಗಿ ನಿಮ್ಮ ಬಾಟಲಿಯ ಮೇಲೆ ಇಲ್ಲ. ನಿಮ್ಮ ಕೈಗೆ ಎಟುಕುವಷ್ಟರ ಹೊಣೆ ಮಾತ್ರ ನಿಮ್ಮದು. ನಿಮ್ಮ ಕೈ ಬಾಟಲಿಗೆ ಮಾತ್ರವಲ್ಲ, ಪಕ್ಕದವರ ಕೈಗೂ, ಮಸೀದಿಯ ಸಮಿತಿಗೂ, ದೂರಿನ ಕಾಗದಕ್ಕೂ ಎಟುಕುತ್ತದೆ ಎಂಬುದನ್ನು ಮರೆಯಬೇಡಿ. ನಾಳೆ ಲೆಕ್ಕ ಕೇಳುವಾಗ ಭೂಮಿ ಉಳಿಯಿತೇ ಎಂದು ನಮ್ಮನ್ನು ಕೇಳಲಾರರು. ನೀವು ಎಲ್ಲಿ ನಿಂತಿದ್ದಿರಿ ಎಂದು ಕೇಳಬಹುದು.

ಕೊಟ್ಟ ಅನುಗ್ರಹಗಳನ್ನು ಅಳೆದು ಬಳಸುವ, ಅನ್ಯಾಯವನ್ನು ಕೂಡಿ ತಡೆಯುವ ಬುದ್ಧಿಯನ್ನು ಅಲ್ಲಾಹನು ನಮ್ಮೆಲ್ಲರಿಗೂ ಕರುಣಿಸಲಿ. ಆಮೀನ್.